ಕ್ಯಾರಿಯಾಕೂ ದ್ವೀಪದ ಬಿಗ್ ಡ್ರಮ್, ಮರೂನ್, ಮ್ಯೂಸಿಯಂ: ಯಾವುದಕ್ಕೆ ಹೋಗಬೇಕು, ಹೋದಾಗ ಏನು ನೋಡಬೇಕು

ಗ್ರೆನಡಾದ ಉತ್ತರಕ್ಕಿರುವ ಕ್ಯಾರಿಯಾಕೂ ಆ ದೇಶಕ್ಕೇ ಸೇರಿದ, ಸುಮಾರು 34 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಬೀಚು, ರೆಸಾರ್ಟು ಅಂತ ಹೋಗುವವರಿಗೆ ಕೆರಿಬಿಯನ್‌ನಲ್ಲಿ ಇದಕ್ಕಿಂತ ಸೌಕರ್ಯವಿರುವ ಊರುಗಳು ಬೇಕಾದಷ್ಟಿವೆ. ಆದರೆ ಊರಿನವರೇ ನಡೆಸುವ ಕುಣಿತ, ಹಿರಿಯರ ಕಾರ್ಯ, ದೋಣಿ ಕಟ್ಟುವ ಕಸುಬು, ಸಾಮೂಹಿಕ ಊಟ ಇವೆಲ್ಲ ಒಂದು ತಾಲ್ಲೂಕಿಗಿಂತ ಎಷ್ಟೋ ಚಿಕ್ಕದಾದ ಜಾಗದಲ್ಲಿ ಹೀಗೆ ಒಟ್ಟಿಗೆ ಸಿಗುವುದು ಅಪರೂಪ. ಇಲ್ಲಿ ಹೆಚ್ಚಿನದಕ್ಕೆ ಟಿಕೆಟ್ ಕೌಂಟರ್ ಇಲ್ಲ, ಕಟ್ಟುನಿಟ್ಟಿನ ವೇಳಾಪಟ್ಟಿಯೂ ಇಲ್ಲ. ಹಾಗಾಗಿ ಯಾವುದಕ್ಕೆ, ಯಾವಾಗ, ಹೇಗೆ ಹೋಗಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಹತ್ತು ನಿಮಿಷದ ಒಂದು ತುಣುಕು ನೋಡಿ ವಾಪಸ್ ಬರಬೇಕಾಗುತ್ತದೆ.

ಮೊದಲ ಸ್ಥಾನ ಬಿಗ್ ಡ್ರಮ್‌ಗೆ, ಅದರಲ್ಲಿ ಎರಡು ಮಾತಿಲ್ಲ. ಗುಲಾಮರಾಗಿ ಬಂದ ಆಫ್ರಿಕನ್ನರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಉಳಿಸಿಕೊಂಡಿರುವ ಹಾಡು, ಕುಣಿತ, ನೈವೇದ್ಯ ಸೇರಿದ ಆಚರಣೆ ಇದು. ಮೂರು ಡ್ರಮ್ ಇರುತ್ತವೆ. ಎರಡು ಬೂಲಾ, ನಡುವೆ ಒಂದು ಕಟರ್. ಮೂರರ ಒಡಲೂ ರಮ್ ತುಂಬುತ್ತಿದ್ದ ಚಿಕ್ಕ ಮರದ ಪೀಪಾಯಿ. ಬೂಲಾಗೆ ಹೋತದ ಚರ್ಮ, ಕಟರ್‌ಗೆ ಹೆಣ್ಣು ಮೇಕೆಯ ತೆಳು ಚರ್ಮ. ಕಟರ್‌ನ ಚರ್ಮದ ಮೇಲೆ ಅಡ್ಡಲಾಗಿ ಒಂದು ದಾರ ಬಿಗಿದು ಅದಕ್ಕೆ ಗುಂಡುಪಿನ್ನುಗಳನ್ನು ಪೋಣಿಸಿರುತ್ತಾರೆ. ಕೈ ಬಿದ್ದಾಗಲೆಲ್ಲ ಆ ಪಿನ್ನುಗಳು ಚರ್ಮಕ್ಕೆ ತಾಗಿ ಜಿರ್ರೆನ್ನುವ ನಾದ ಬರುತ್ತದೆ. ಎಷ್ಟು ಜನ ಸೇರಿದ್ದರೂ ಕಟರ್‌ನ ಏಟು ಬೂಲಾದ ಏಟಿನಿಂದ ಬೇರೆಯಾಗಿ ಕೇಳುವುದು ಈ ಪಿನ್ನುಗಳಿಂದ. ಬೂಲಾ ಎರಡೂ ತಾಳ ಹಿಡಿದುಕೊಂಡು ಹೋಗುತ್ತವೆ. ಕಟರ್ ಬಾರಿಸುವವರ ಕಣ್ಣು ಮಾತ್ರ ಕುಣಿಯುವವರ ಪಾದದ ಮೇಲಿರುತ್ತದೆ. ಹೆಜ್ಜೆ ತಿರುಗಿದ ಕಡೆ ಕಟರ್ ತಿರುಗುತ್ತದೆ. ಕಣದಲ್ಲಿ ಒಂದು ಸಲಕ್ಕೆ ಒಬ್ಬರೋ ಇಬ್ಬರೋ ಮಾತ್ರ ಕುಣಿಯುವುದು ಇದೇ ಕಾರಣಕ್ಕೆ. ಗುಂಪಾಗಿ ಕುಣಿದರೆ ಕಟರ್ ಯಾರ ಹೆಜ್ಜೆಗೆ ಉತ್ತರ ಕೊಡಬೇಕು? ಹಾಡು ಎತ್ತಿಕೊಡುವವರನ್ನು ಷಾಂಟ್ವೆಲ್ ಅನ್ನುತ್ತಾರೆ. ಕೈಯಲ್ಲಿ ಚಾಕ್-ಚಾಕ್ ಅನ್ನುವ ಗಿಲಕಿ ಹಿಡಿದು ಒಂದು ಸಾಲು ಹಾಡಿದರೆ ಸುತ್ತ ನಿಂತವರು ಸೊಲ್ಲು ಕೂಡಿಸುತ್ತಾರೆ. ಹಳೇ ಗುದ್ದಲಿಯ ಅಲಗನ್ನು ಕಬ್ಬಿಣದಿಂದ ಬಡಿಯುವುದೂ ಉಂಟು.

ಇಡೀ ಕಾರ್ಯಕ್ರಮದ ಜೀವ ಇರುವುದು ಅದರ ಅನುಕ್ರಮದಲ್ಲಿ. ಮೊದಲು ಕ್ರೊಮಾಂಟಿ, ಅಂದರೆ ಪಶ್ಚಿಮ ಆಫ್ರಿಕಾದ ಆಕಾನ್ ಜನರ ಹೆಸರಿನ ಹಾಡುಗಳಿಂದ ಹಿರಿಯರನ್ನು ಕರೆಯಬೇಕು. 'ಬೆಗ್ ಪಾರ್ಡನ್' ಹಾಡಿ ಅವರ ಕ್ಷಮೆ ಕೇಳಬೇಕು. ಕಣಕ್ಕೆ ರಮ್ ಮತ್ತು ನೀರು ಚಿಮುಕಿಸಬೇಕು. ನಡುವಿನ ಜಾಗವನ್ನು ಸ್ವಲ್ಪ ಹೊತ್ತು ಖಾಲಿ ಬಿಡುತ್ತಾರೆ, ಅದು ಹಿರಿಯರು ಬಂದು ಕುಣಿಯುವ ಹೊತ್ತು. ಆಮೇಲೆ ಒಂದೊಂದು 'ನೇಷನ್'ನ ಸರದಿ: ಇಗ್ಬೋ, ಮ್ಯಾಂಡಿಂಗ್, ಚಾಂಬಾ, ಟೆಮ್ನೆ, ಕಾಂಗೊ, ಅರಾಡಾ, ಮೋಕೋ, ಬಾಂಡಾ. ಯಾವ ಜನಾಂಗದಿಂದ ಕಿತ್ತು ತಂದರೋ ಆ ಹೆಸರುಗಳೇ ಕುಣಿತದ ಹೆಸರಾಗಿ ಉಳಿದಿವೆ. ಬೆಲೆ ಕಾವೆ, ಹಾಲ್‌ಕಾರ್ಡ್, ಕಲೆಂಡಾ ಮುಂತಾದ, ಕೆರಿಬಿಯನ್ ನೆಲದಲ್ಲೇ ರೂಪಗೊಂಡ ಹಗುರ ಕುಣಿತಗಳು ಬರುವುದು ಇದಾದ ಮೇಲೆ. ಹಾಡುಗಳಲ್ಲಿ ಬಹಳಷ್ಟು ಫ್ರೆಂಚ್ ಮೂಲದ ಪಾತ್ವಾ ಭಾಷೆಯವು. 1763ರಲ್ಲಿ ದ್ವೀಪ ಬ್ರಿಟಿಷರ ಕೈಗೆ ಹೋದರೂ ಮನೆಮಾತು ಬದಲಾಗಿರಲಿಲ್ಲ.

ಇದನ್ನು ಬರೀ ಜನಪದ ನೃತ್ಯ ಅಂತ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಮನೆಯಲ್ಲಿ ಕಾಯಿಲೆ, ಮೇಲಿಂದ ಮೇಲೆ ನಷ್ಟ, ಕನಸಿನಲ್ಲಿ ಸತ್ತ ಹಿರಿಯರು ಬಂದು ಊಟ ಕೇಳಿದ್ದು, ಇಂಥ ಕಾರಣಕ್ಕೆ ಬಿಗ್ ಡ್ರಮ್ ಇಡುವ ಪದ್ಧತಿ ಇದೆ. ಒಳಗಿನ ಕೋಣೆಯಲ್ಲಿ ಮೇಜಿನ ಮೇಲೆ 'ಪೇರೆಂಟ್ಸ್ ಪ್ಲೇಟ್' ಇಡುತ್ತಾರೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ನೋವಿಗೆ ಊರೆಲ್ಲ ಸೇರಿ, ಸತ್ತವರನ್ನೂ ಕರೆದು ಕೂರಿಸಿ, ಮೊದಲು ಕ್ಷಮೆ ಕೇಳುವುದು ಇಲ್ಲಿನ ಚಿಕಿತ್ಸೆ. ಆದ್ದರಿಂದಲೇ ಕ್ರೊಮಾಂಟಿ ಮತ್ತು 'ಬೆಗ್ ಪಾರ್ಡನ್' ಬಿಟ್ಟು ಶುರುವಾದ ಪ್ರದರ್ಶನವನ್ನು, ಎಷ್ಟೇ ಚೆನ್ನಾಗಿ ಕುಣಿದರೂ, ನಾವು ಪೂರ್ತಿ ಬಿಗ್ ಡ್ರಮ್ ಅನ್ನುವುದಿಲ್ಲ.

ವೇದಿಕೆಯ ಮೇಲೆ ಆಗುವ ತೊಂದರೆ ಇದೇ. ಕಾರ್ಯಕ್ರಮಗಳ ಮಧ್ಯೆ ಇಪ್ಪತ್ತು ನಿಮಿಷ ಸಿಕ್ಕರೆ ಮೊದಲು ಕತ್ತರಿ ಬೀಳುವುದು ನಿಧಾನದ ಹಾಡುಗಳಿಗೆ. ಉಳಿಯುವುದು ಸೊಂಟ ತಿರುಗುವ, ಚಪ್ಪಾಳೆ ಬೀಳುವ ಭಾಗ. ಮೈಕ್ ಇಡುವುದರಲ್ಲೂ ಎಡವಟ್ಟಾಗುತ್ತದೆ. ಮೂರು ಡ್ರಮ್‌ಗೂ ಒಂದೇ ಮೈಕ್ ಇಟ್ಟರೆ ಎರಡು ಬೂಲಾ ಸೇರಿ ಕಟರನ್ನು ನುಂಗಿಬಿಡುತ್ತವೆ, ಪಿನ್ನಿನ ನಾದ ಕೇಳುವುದೇ ಇಲ್ಲ. ಮೈಕ್ ಕಟರ್ ಹತ್ತಿರ ಇರಬೇಕು, ಇಲ್ಲವೇ ಮೈಕೇ ಬೇಡ. ಇನ್ನು ಸಮುದ್ರದ ತೇವದ ಗಾಳಿಗೆ ಮೇಕೆ ಚರ್ಮ ಸಡಿಲವಾಗಿ ಧ್ವನಿ ಇಳಿಯುತ್ತದೆ. ಬಾರಿಸುವವರು ಡ್ರಮ್ಮನ್ನು ಬೆಂಕಿಯ ಹತ್ತಿರ ಕಾಯಿಸಲು ಎದ್ದರೆ ಕಾರ್ಯಕ್ರಮ ಮುಗಿಯಿತು ಅಂದುಕೊಂಡು ಹೊರಡಬೇಡಿ. ಬಿಸಿ ಹತ್ತಿದ ಮೇಲಿನ ಸುತ್ತೇ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಪೂರ್ತಿ ಕ್ರಮ ಕಾಣಬೇಕಾದರೆ 'ಸ್ಟೋನ್ ಫೀಸ್ಟ್' ಅಂದರೆ ಸಮಾಧಿಗೆ ಕಲ್ಲು ನಿಲ್ಲಿಸುವ ದಿನ, ದೋಣಿ ನೀರಿಗಿಳಿಸುವ ದಿನ, ಅಥವಾ ಮರೂನ್ ಅನ್ನುವ ಹಳ್ಳಿಯ ಸಾಮೂಹಿಕ ಊಟದ ಹಬ್ಬ ನೋಡಿಕೊಂಡು ಹೋಗಬೇಕು. ಸ್ಟೋನ್ ಫೀಸ್ಟ್ ನಡೆಯುವುದು ಸಾವಾಗಿ ವರ್ಷವೋ, ಹಲವು ವರ್ಷವೋ ಕಳೆದ ಮೇಲೆ, ಮನೆಯವರಿಗೆ ಖರ್ಚು ಹೊಂದಿಸಲು ಆದಾಗ. ಅದು ಖಾಸಗಿ ಮನೆಯ ಕಾರ್ಯ, ಯಾರಾದರೂ ಕರೆದರೆ ಮಾತ್ರ ಹೋಗಬೇಕು. ಹೋದರೆ ಫೋಟೋಗೆ ಮೊದಲೇ ಮನೆಯ ಹಿರಿಯರನ್ನು ಕೇಳಿ, ಎಡೆ ಇಟ್ಟ ಕೋಣೆಯಲ್ಲಿ ಕ್ಯಾಮೆರಾ ತೆಗೆಯಬೇಡಿ. ಕಣ ಖಾಲಿ ಇದೆ ಅಂತ ಅಡ್ಡ ದಾಟಬೇಡಿ. ಕೊಟ್ಟ ಊಟವನ್ನು ಬೇಡ ಅನ್ನಬೇಡಿ. ಸಸ್ಯಾಹಾರಿಗಳು ಮಾಂಸ ಬಿಟ್ಟು ಅನ್ನ, ಕಾಳು, ಮೆಕ್ಕೆಜೋಳದ ಮುದ್ದೆ ಹಾಕಿಸಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೊರಗಿನವರಿಗೆ ಎಲ್ಲಕ್ಕಿಂತ ಸುಲಭದ ಬಾಗಿಲು ಮರೂನ್. ಬೇಸಿಗೆ ಮುಗಿಯುವ ಹೊತ್ತಿಗೆ ಮಳೆಗೆ, ಬೆಳೆಗೆ ಹರಸಿಕೊಂಡು ಊರು ಸೇರಿ ಅಡುಗೆ ಮಾಡಿ ಬಂದವರಿಗೆಲ್ಲ ಬಡಿಸುವ ಹಬ್ಬ ಇದು. ಏಪ್ರಿಲ್ ಕೊನೆಗೆ ನಡೆಯುವ ಮರೂನ್ ಮತ್ತು ಸ್ಟ್ರಿಂಗ್ ಬ್ಯಾಂಡ್ ಉತ್ಸವ ಇದರ ದೊಡ್ಡ ರೂಪ. ಉತ್ಸವದ ವೇದಿಕೆಗಿಂತ ಅದರ ಅಡುಗೆ ಕಡೆ ನಿಮ್ಮ ಸಮಯ ಹೆಚ್ಚು ಸಾರ್ಥಕ. ಮೂರು ಕಲ್ಲಿನ ಒಲೆ, ಸೌದೆ ಉರಿ, ದೊಡ್ಡ ಹಂಡೆಗಳು. ಮೆಕ್ಕೆಜೋಳದ ಹಿಟ್ಟಿನ ಕೂಕೂವನ್ನು ಮರದ ಚಪ್ಪಟೆ ಕೋಲಿನಿಂದ ತಿರುವುತ್ತಾರೆ. ತಿರುವುವುದು ನಿಂತರೆ ತಳ ಹಿಡಿದು ಗಂಟಾಗುತ್ತದೆ, ಮುದ್ದೆ ಮಾಡಿ ಗೊತ್ತಿದ್ದವರಿಗೆ ಆ ಕಷ್ಟ ಹೇಳಬೇಕಿಲ್ಲ. ಬೆಂದ ಅನ್ನವನ್ನು ಮಿದ್ದು ಉಂಡೆ ಕಟ್ಟಿದ್ದು 'ರೋಲ್ಡ್ ರೈಸ್'. ಜೊತೆಗೆ ತೊಗರಿಕಾಳಿನ ಗೊಜ್ಜು. ಹೌದು, ನಮ್ಮ ಕಲಬುರಗಿಯ ಅದೇ ತೊಗರಿ. ಮಳೆ ಕಡಿಮೆ ಬೀಳುವ ಈ ದ್ವೀಪದ ಮುಖ್ಯ ಬೆಳೆಗಳಲ್ಲಿ ಮೆಕ್ಕೆಜೋಳದ ಜೊತೆ ಅದೂ ಒಂದು. ಮಧ್ಯಾಹ್ನವೇ ಹೋಗಿ. ಕತ್ತಲಾದ ಮೇಲೆ ಹೋದರೆ ತಳದ ಪಾಲು ಮಾತ್ರ ಉಳಿದಿರುತ್ತದೆ. 'ಜ್ಯಾಕ್ ಐರನ್' ಅನ್ನುವ ರಮ್ ಕೊಟ್ಟರೆ ಮಾತ್ರ ಹುಷಾರು. ಮಂಜುಗಡ್ಡೆ ಅದರಲ್ಲಿ ತೇಲದೆ ಮುಳುಗುತ್ತದೆ, ಅಷ್ಟು ಗಟ್ಟಿ.

ಈಶಾನ್ಯದ ವಿಂಡ್‌ವರ್ಡ್ ಹಳ್ಳಿಯ ದೋಣಿ ಕಟ್ಟುವವರನ್ನು ನೋಡದೆ ಬರಬೇಡಿ. ಕ್ಯಾರಿಯಾಕೂ ಮತ್ತು ಪಕ್ಕದ ಪೆಟಿಟ್ ಮಾರ್ಟಿನಿಕ್‌ನ ಈ ಕಸುಬು 2023ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಕಾಗದದ ಮೇಲೆ ನಕ್ಷೆ ಇರುವುದಿಲ್ಲ, ಕಣ್ಣಳತೆಯೇ ಎಲ್ಲ. ಪಕ್ಕೆಲುಬಿನ ಹಾಗೆ ನಿಲ್ಲಿಸುವ ಬಾಗುಮರಗಳಿಗೆ ಸ್ಥಳೀಯ ವೈಟ್ ಸೀಡರ್ ಆರಿಸುತ್ತಾರೆ. ನೇರ ಮರವನ್ನು ಕೊಯ್ದು ಬಾಗಿಸುವುದಿಲ್ಲ, ಬೇಕಾದ ಬಾಗಿಗೇ ಬೆಳೆದ ಕೊಂಬೆಯನ್ನು ಹುಡುಕಿ ತರುತ್ತಾರೆ. ಎಳೆ ಕಡಿಯದೆ ಇರುವುದರಿಂದ ಅಲೆಯ ಹೊಡೆತಕ್ಕೆ ಅದು ಸೀಳುವುದಿಲ್ಲ. ನೀರಿಗಿಳಿಸುವ ದಿನ ದೋಣಿಯ ಆಸರೆ ಕಂಬಗಳನ್ನು ಒಂದೊಂದಾಗಿ ಕೊಡಲಿಯಿಂದ ಕಡಿದು, ಮೆಲ್ಲಗೆ ಮಗ್ಗುಲಿಗೆ ಮಲಗಿಸಿ, ಉರುಳೆಗಳ ಮೇಲೆ ಊರೇ ಎಳೆಯುತ್ತದೆ. ಕಂಬ ಕಡಿಯುವ ಕಡೆ ನಿಲ್ಲಬೇಡಿ. ಬೇರೆ ದಿನಗಳಲ್ಲಿ ಕೆಲಸ ನಡೆಯುತ್ತಿದ್ದರೆ ನೋಡಲು ಸಿಗುತ್ತದೆ, ಇಲ್ಲವಾದರೆ ಇಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಈಸ್ಟರ್ ಉಪವಾಸಕ್ಕೆ ಮುಂಚಿನ ಮಂಗಳವಾರ 'ಶೇಕ್ಸ್‌ಪಿಯರ್ ಮಾಸ್' ನಡೆಯುತ್ತದೆ. ಬಣ್ಣದ ವೇಷ ತೊಟ್ಟವರು ಇಬ್ಬಿಬ್ಬರಾಗಿ ಎದುರುಬದುರು ನಿಂತು 'ಜೂಲಿಯಸ್ ಸೀಸರ್' ನಾಟಕದ ಮಾತುಗಳನ್ನು ಓಡುವ ವೇಗದಲ್ಲಿ ಹೇಳುತ್ತಾರೆ, ತಪ್ಪಿದವನಿಗೆ ಚಾಟಿ ಏಟು. ಮಾತು ಅರ್ಥವಾಗದಿದ್ದರೂ ನೆನಪಿನ ಈ ಪಂದ್ಯ ಹಿಡಿದು ನಿಲ್ಲಿಸುತ್ತದೆ. ಚಾಟಿಯ ಬೀಸು ತಲುಪದಷ್ಟು ದೂರ ಇರಿ, ಮಕ್ಕಳನ್ನು ಮುಂದೆ ಬಿಡಬೇಡಿ.

ಹಿಲ್ಸ್‌ಬರೋ ಪಟ್ಟಣದ ಮ್ಯೂಸಿಯಂ ಹಳೇ ಹತ್ತಿ ಜಿನ್ನಿಂಗ್ ಕಟ್ಟಡದಲ್ಲಿದೆ, ನಡೆಸುವುದು ಸ್ಥಳೀಯ ಇತಿಹಾಸ ಸಂಘ. ಮೂಲನಿವಾಸಿಗಳ ಮಡಕೆ ಚೂರುಗಳು, ತೋಟಗಳ ಕಾಲದ ಸಾಮಾನು ಎಲ್ಲ ಒತ್ತೊತ್ತಾಗಿ ಇಟ್ಟ ಪುಟ್ಟ ಸಂಗ್ರಹ. ದ್ವೀಪದ ಚಿತ್ರಕಾರರಲ್ಲಿ ಮುಖ್ಯ ಹೆಸರು ಕ್ಯಾನ್ಯೂಟ್ ಕ್ಯಾಲಿಸ್ಟ್, 1914ರಿಂದ 2005ರವರೆಗೆ ಬಾಳಿದ ಎಲ್‌ಎಸ್ಟೆರ್ ಹಳ್ಳಿಯ ಪಿಟೀಲು ವಾದಕ. ಮತ್ಸ್ಯಕನ್ಯೆ, ದೋಣಿ ಇಳಿಸುವುದು, ಬಿಗ್ ಡ್ರಮ್, ಕ್ವಾಡ್ರಿಲ್ ಕುಣಿತ, ಎಲ್ಲವನ್ನೂ ಚಪ್ಪಟೆಯಾದ ಗಾಢ ಬಣ್ಣಗಳಲ್ಲಿ ಬರೆದು ಕೆಳಗೆ ತಮ್ಮದೇ ಕಾಗುಣಿತದಲ್ಲಿ ವಿವರ ಬರೆಯುತ್ತಿದ್ದರು. ಆ ಅಡಿಬರಹಗಳನ್ನು ಓದಿಯೇ ಮುಂದೆ ಹೋಗಿ.

2024ರ ಜುಲೈ 1ರಂದು ಬೆರಿಲ್ ಚಂಡಮಾರುತ ನೇರವಾಗಿ ಕ್ಯಾರಿಯಾಕೂ ಮೇಲೆಯೇ ಬಂದಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಮನೆ, ಶಾಲೆ, ಚರ್ಚು, ದೋಣಿ, ಹೆಚ್ಚುಕಡಿಮೆ ಯಾವುದೂ ಪೆಟ್ಟು ತಿನ್ನದೆ ಉಳಿಯಲಿಲ್ಲ. ಆದ್ದರಿಂದ ಹಳೇ ಪ್ರವಾಸಿ ಪುಸ್ತಕಗಳಲ್ಲಿರುವ ಸಮಯ, ಬಾಡಿಗೆ, ತೆರೆದಿರುವ ದಿನ ಯಾವುದನ್ನೂ ನಂಬಬೇಡಿ. ಮ್ಯೂಸಿಯಂ, ವಸತಿ, ಉತ್ಸವದ ದಿನಾಂಕ ಮೂರನ್ನೂ ಹೊರಡುವ ಮೊದಲು ಕೇಳಿಯೇ ಖಚಿತಪಡಿಸಿಕೊಳ್ಳಿ. ನಾವು ಇಲ್ಲಿ ಸೌಕರ್ಯಕ್ಕೆ ಅಂಕ ಕೊಡಲು ಹೋಗುವುದಿಲ್ಲ, ತಲೆಯ ಮೇಲಿನ ಸೂರು ಹಾರಿಹೋದ ಊರಿನ ಹತ್ತಿರ ಅದನ್ನು ಕೇಳುವುದು ನ್ಯಾಯವಲ್ಲ. ಆದರೆ ಒಂದು ಕೊರತೆ ಹೇಳಲೇಬೇಕು. ಯಾವ ಹಳ್ಳಿಯ ಮರೂನ್ ಯಾವ ದಿನ ಅನ್ನುವ ಸರಿಯಾದ ಪಟ್ಟಿ ದೂರದಲ್ಲಿರುವವರಿಗೆ ಸುಲಭವಾಗಿ ಸಿಗುವುದಿಲ್ಲ. ಹಿಲ್ಸ್‌ಬರೋ ಮಾರುಕಟ್ಟೆಯಲ್ಲೋ, ಮಿನಿಬಸ್ ಚಾಲಕರನ್ನೋ ಕೇಳುವುದೇ ಸದ್ಯದ ದಾರಿ, ಅದರಲ್ಲಿ ಚಾಲಕರ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಫೆರಿಯಲ್ಲಿ ಸುಮಾರು ಎರಡು ಗಂಟೆ. ದಾರಿಯಲ್ಲಿ ಕಿಕ್-ಎಮ್-ಜೆನಿ ಅನ್ನುವ ಸಮುದ್ರದಡಿಯ ಜ್ವಾಲಾಮುಖಿ ಇದೆ. ಆ ಭಾಗದಲ್ಲಿ ಅಲೆ ಜೋರು, ವಾಂತಿ ಮಾತ್ರೆ ಹತ್ತುವ ಮೊದಲೇ ನುಂಗಿ. ಚಿಕ್ಕ ವಿಮಾನದಲ್ಲಾದರೆ ಇಪ್ಪತ್ತು ನಿಮಿಷದ ಆಸುಪಾಸು. ಹಣ ಈಸ್ಟ್ ಕೆರಿಬಿಯನ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ 2.70. ಹಳ್ಳಿಗಳಲ್ಲಿ ಕಾರ್ಡ್ ನಂಬಿಕೊಳ್ಳದೆ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಹೋಗುವ ಮೊದಲು ಅಮೆರಿಕದ ಜನಪದ ಸಂಗೀತ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ 1962ರಲ್ಲಿ ಇಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಕೇಳಿ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಟರ್‌ನ ಜಿರ್ರೆನ್ನುವ ನಾದಕ್ಕೆ ಕಿವಿ ಮೊದಲೇ ಹೊಂದಿಕೊಂಡಿದ್ದರೆ, ಕಣದ ಪಕ್ಕ ನಿಂತಾಗ ಯಾರ ಹೆಜ್ಜೆಗೆ ಯಾವ ಏಟು ಬಿತ್ತು ಅನ್ನುವುದು ಮೊದಲ ರಾತ್ರಿಯೇ ತಿಳಿಯುತ್ತದೆ. ಒಂದೇ ಸಲ ಹೋಗಲು ಸಾಧ್ಯ ಅನ್ನುವವರು ಏಪ್ರಿಲ್ ಕೊನೆ ಆರಿಸಿಕೊಳ್ಳಿ. ಆಗಸ್ಟ್‌ನ ದೋಣಿ ಪಂದ್ಯ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಚಂಡಮಾರುತದ ತಿಂಗಳು. ಹೋಗುವುದಾದರೆ ಟಿಕೆಟ್ ರದ್ದು ಮಾಡಲು ಬರುವಂಥದ್ದನ್ನೇ ತೆಗೆದುಕೊಳ್ಳಿ.