ಕ್ಲಿಪ್ ಫೆರೈಟ್ ಸೆಟ್: 13 ಮಿ.ಮೀ. ತುಂಡಿಗಷ್ಟೇ ಕಾಸು ಕೊಡಿ

ಆನ್‌ಲೈನಿನಲ್ಲಿ ಸಿಗುವ ಕ್ಲಿಪ್ ಫೆರೈಟ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ 5, 7, 9, 13 ಮಿ.ಮೀ. ತೂತಿನ ತುಂಡುಗಳು ಬೆರಕೆಯಾಗಿರುತ್ತವೆ. ರೇಡಿಯೊ ಅಲೆ ವೈರಿನಲ್ಲಿ ನುಗ್ಗಿ ಸ್ಪೀಕರಿನಲ್ಲಿ ಬೇಡದ ಸದ್ದಾಗುವುದನ್ನು ತಡೆಯಲು ಇವನ್ನು ಹಾಕುತ್ತಾರೆ. ಕಪ್ಪು ಪ್ಲಾಸ್ಟಿಕ್ ಗೂಡು, ಒಳಗೆ ಎರಡು ಹೋಳು ಫೆರೈಟ್ ಎಂಬ ಕಾಂತೀಯ ವಸ್ತು. ವೈರಿನ ಮೇಲೆ ಕೂರಿಸಿ ಟಕ್ಕೆಂದು ಮುಚ್ಚುವುದಷ್ಟೇ ಕೆಲಸ. ಆದರೆ ಸಣ್ಣ ತೂತಿನವು ಸ್ಪೀಕರ್ ಗಲಾಟೆಗೆ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ವೈರು ಒಂದೇ ಸಲ ಹಾದುಹೋದರೆ ಸಿಗುವ ತಡೆ ತೀರಾ ಕಡಿಮೆ. ಮೂರು ಸಲ ಹಾಯಿಸಿದರೆ ಅದು ಸುಮಾರು 9 ಪಟ್ಟಾಗುತ್ತದೆ. ಸಾಮಾನ್ಯ ದಪ್ಪದ ವೈರು ಮೂರು ಸುತ್ತು ಹಿಡಿಯುವುದು ಹೆಚ್ಚಾಗಿ 13 ಮಿ.ಮೀ. ತುಂಡಿನಲ್ಲೇ.

ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್‌ನಲ್ಲಿದೆ. ಅದರ ಕಾಲು ತರಂಗದುದ್ದ ಸುಮಾರು 73 ಸೆಂ.ಮೀ. ಅಂದರೆ ಸುಮಾರು ಅಷ್ಟುದ್ದದ ಆರ್‌ಸಿಎ ಕೇಬಲ್ಲೂ (ಆಂಪ್ಲಿಫೈಯರಿಗೆ ಹಾಡು ತರುವ ದುಂಡು ಪಿನ್ನಿನ ವೈರು), ಸ್ಪೀಕರ್ ವೈರೂ ಒಳ್ಳೇ ಆಂಟೆನಾ. ಟವರ್ ಹತ್ತಿರದ ಮನೆಗಳಲ್ಲಿ ಒಡೆದ ದನಿ ಗೊಣಗಿದರೆ ಅಚ್ಚರಿಯಿಲ್ಲ. ಈ ಕೆಲಸಕ್ಕೆ 43ನೇ ಮಿಕ್ಸ್ (ಫೆರೈಟ್ ಮಿಶ್ರಣದ ನಂಬರು) ಸರಿ. ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರಿನ ಕೆಳಗಿನ ಫ್ರೀಕ್ವೆನ್ಸಿಯ ಕೊರೆತಕ್ಕೆ 31. ಅಗ್ಗದ ಡಬ್ಬಿಯ ಮೇಲೆ ಮಿಕ್ಸ್ ನಂಬರೇ ಇಲ್ಲದಿದ್ದರೆ ಬಿಟ್ಟುಬಿಡಿ. ಇದೇ ದೊಡ್ಡ ದೂರು.

ಎಲ್ಲಿ ಹಾಕಬೇಕೆಂದು ವಾಲ್ಯೂಮ್ ಹೇಳುತ್ತದೆ. ಸೊನ್ನೆಗಿಳಿಸಿದರೂ ಸದ್ದು ಅಷ್ಟೇ ಇದ್ದರೆ ಅದು ಸ್ಪೀಕರ್ ವೈರಿನಿಂದಲೋ ಮೇನ್ಸ್ ವೈರಿನಿಂದಲೋ ಬರುತ್ತಿದೆ. ವಾಲ್ಯೂಮ್ ಜತೆ ಏರಿಳಿದರೆ ಇನ್‌ಪುಟ್ ಕೇಬಲ್. ಒಂದೊಂದನ್ನೇ ಕಿತ್ತು ನೋಡಿ, ಸಿಕ್ಕಿದ ಕೇಬಲ್ಲಿಗೆ ಆಂಪ್ಲಿಫೈಯರಿನಿಂದ ನಾಲ್ಕು ಬೆರಳಿನೊಳಗೆ ಫೆರೈಟ್ ಹಾಕಿ. ಸ್ಪೀಕರಿನ ಪ್ಲಸ್, ಮೈನಸ್ ಎರಡೂ ಒಂದೇ ತೂತಿನಲ್ಲಿ ಒಟ್ಟಿಗೆ ಹೋಗಬೇಕು. ಹೋಳುಗಳ ನಡುವೆ ಕೂದಲೆಳೆ ಸಂದು ಉಳಿದರೂ ತಡೆ ಕುಸಿಯುತ್ತದೆ. ಕೊಂಡಿ ಸಡಿಲವಾದರೆ ಕೇಬಲ್ ಟೈ ಬಿಗಿಯಿರಿ. ನೆಲಕ್ಕೆ ಬಿದ್ದರೆ ಫೆರೈಟ್ ಗಾಜಿನಂತೆ ಬಿರಿಯುತ್ತದೆ. ಸ್ಪೀಕರ್ ಟರ್ಮಿನಲ್ಲಿಗೆ ಕೆಪಾಸಿಟರ್ ಬೆಸೆಯಿರಿ ಎನ್ನುವ ಸಲಹೆ ಕೇಳಬೇಡಿ, ಕೆಲವು ಆಂಪ್ಲಿಫೈಯರುಗಳು ಅದರಿಂದ ಆಸಿಲೇಟ್ ಆಗಿ (ತಮ್ಮಷ್ಟಕ್ಕೇ ಕಂಪಿಸತೊಡಗಿ) ಸುಟ್ಟೇಹೋಗಬಹುದು.

ಫೆರೈಟ್ ಕೊಳ್ಳುವ ಮೊದಲೇ ಒಂದು ಕೆಲಸವಿದೆ. ಕಕ್ಕಡ ತಿಂಗಳಿನ (ಜುಲೈ-ಆಗಸ್ಟ್) ಮಳೆಯ ತೇವಕ್ಕೆ ಆರ್‌ಸಿಎ ಪಿನ್ನುಗಳು ಹಸಿರುಗಟ್ಟುತ್ತವೆ. ಆ ಕಿಲುಬಿನ ಪದರ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನಂತೆ ವರ್ತಿಸಿ ರೇಡಿಯೊ ಅಲೆಯನ್ನು ಕೇಳುವ ಸದ್ದಾಗಿಸಬಲ್ಲದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹಸಿರು ಹೋಗದಿದ್ದರೆ ಕೇಬಲ್ಲನ್ನೇ ಬದಲಿಸಿ. ಎಷ್ಟೋ ಸಲ ಇಷ್ಟಕ್ಕೇ ಸದ್ದು ನಿಲ್ಲುತ್ತದೆ.

ಮೊಬೈಲಿನ 'ಡರ್ರ್ ಡರ್ರ್' 2ಜಿ ಸಿಗ್ನಲ್ಲಿನ 217 ಹರ್ಟ್ಸ್ ಮಿಡಿತ. ಸಿಗ್ನಲ್ ಒಂದೇ ಕಡ್ಡಿ ಇರುವ ತೋಟದ ಮನೆಯಲ್ಲಿ ಫೋನು 2 ವ್ಯಾಟ್‌ವರೆಗೂ ಕೂಗುತ್ತದೆ. ಆ ಸಿಗ್ನಲ್ಲಿನ 900 ಮೆಗಾಹರ್ಟ್ಸ್‌ನಲ್ಲಿ ಈ ಮಿಕ್ಸುಗಳ ಬಲ ಕಡಿಮೆ. ಫೋನನ್ನು ಎರಡು ಮೀಟರ್ ದೂರ ಇಟ್ಟರಾಯಿತು, ಪುಕ್ಕಟೆ. ಗುಂಯ್ ಎನ್ನುವ 50 ಹರ್ಟ್ಸ್ ಹಮ್ಮಿಗಂತೂ ಫೆರೈಟ್ ದಂಡ, ಅದು ಹೆಚ್ಚಾಗಿ ಅರ್ತ್ ಲೂಪಿನ ಕಾಟ, ಅಂದರೆ ಎರಡು ಕಡೆಯಿಂದ ಅರ್ತ್ ಸೇರಿ ಆದ ಸುತ್ತು.

ಇನ್ನು ಸಿದ್ದಾಪುರ, ತಿತಿಮತಿ ಕಡೆಯ ವಿಶೇಷ: ಸೆಕೆಂಡಿಗೊಂದರಂತೆ ಬರುವ 'ಟಿಕ್'. ಅದು ಆನೆ ತಡೆಯುವ ಸೋಲಾರ್ ಬೇಲಿ. ತಂತಿಗೆ ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಒಡೆದಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ಟ್ರಾನ್ಸ್‌ಮಿಟರ್. ಸ್ಪೀಕರಿಗೆ ಎಷ್ಟು ಫೆರೈಟ್ ಕಟ್ಟಿದರೂ ಪೂರ್ತಿ ಹೋಗುವುದಿಲ್ಲ. ಬ್ಯಾಟರಿ ರೇಡಿಯೊವನ್ನು ಮೀಡಿಯಂ ವೇವ್‌ಗೆ ಹಾಕಿ, ಸ್ಟೇಷನ್ ಇಲ್ಲದ ಕಡೆ ನಿಲ್ಲಿಸಿ, ತಂತಿ ಮುಟ್ಟದೆ ಬೇಲಿಯ ಗುಂಟ ನಡೆಯಿರಿ. ಟಿಕ್ ಜೋರಾದ ಕಡೆಯೇ ತೊಂದರೆ. ಎನರ್ಜೈಸರ್ (ಬೇಲಿಗೆ ಕರೆಂಟಿನ ಮಿಡಿತ ಕೊಡುವ ಡಬ್ಬಿ) ಆಫ್ ಮಾಡಿದ ಮೇಲೇ ಬಳ್ಳಿ ಸವರಿ. ಹಾಗೇ ಬೇಲಿಯ ಅರ್ತ್ ರಾಡ್ ಮನೆಯ ಅರ್ತಿನಿಂದ ಕನಿಷ್ಠ 10 ಮೀಟರ್ ದೂರದಲ್ಲಿದೆಯೇ ನೋಡಿ. ಎರಡೂ ಒಂದೇ ಗುಂಡಿಯಲ್ಲಿದ್ದರೆ ಸ್ಪೀಕರ್ ಹಾಗಿರಲಿ, ಮೊದಲು ಅದನ್ನು ಬೇರೆ ಮಾಡಿಸಿ.