ಕೋ-ಕ್ಯೂ-ಟೆನ್ ಮಾತ್ರೆಯೋ, ಗ್ರೀನ್ ಟೀಯೋ?

ನಾನು ಚಿಕ್ಕಮಗಳೂರಿನ ಹತ್ತಿರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ವಯಸ್ಸು 57. ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ಸಂಜೆ ಕೂಡಿ ಬರೆಯಬೇಕು. ಮೊದಲೆಲ್ಲ ಒಂದೇ ಸಲಕ್ಕೆ ಸರಿಬರುತ್ತಿತ್ತು. ಈಚೆಗೆ ಮೂರು ಸಲ ಕೂಡಿದರೂ ತಾಳೆ ಆಗುತ್ತಿರಲಿಲ್ಲ. ತಪ್ಪಿದರೆ ಯಾರದೋ ಕೂಲಿಗೆ ಕತ್ತರಿ ಬೀಳುತ್ತದೆ, ಅಲ್ವಾ? ಅದೇ ನನ್ನ ಭಯ.

ಮಿದುಳಿನ ತೂಕ ದೇಹದ ಸುಮಾರು ನೂರಕ್ಕೆ 2 ಭಾಗ. ಖರ್ಚು ಮಾಡುವ ಶಕ್ತಿ ಮಾತ್ರ ನೂರಕ್ಕೆ 20ರ ಹತ್ತಿರ. ಅದರಲ್ಲಿ ಹೆಚ್ಚಿನದು ಹುಟ್ಟುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದಲ್ಲಿ. ವಯಸ್ಸಾದಂತೆ ಅದರ ಕಸುವು ತಗ್ಗುತ್ತದೆ.

ಅದಕ್ಕೇ ಎರಡನ್ನು ಪರೀಕ್ಷಿಸಿ ನೋಡಿದೆ. ಮೊದಲು ಆರು ವಾರ ಕೋ-ಕ್ಯೂ-ಟೆನ್, ಅಂದರೆ ಮೈಟೊಕಾಂಡ್ರಿಯಾ ಶಕ್ತಿ ತಯಾರಿಸಲು ಬಳಸುವ ವಸ್ತು, ದಿನಕ್ಕೆ 100 ಮಿಲಿಗ್ರಾಂ. ಜಿಡ್ಡಿನ ಜೊತೆಯಾದರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ ಅಂತ ಮಧ್ಯಾಹ್ನ ಊಟದ ಜೊತೆಗೇ ನುಂಗುತ್ತಿದ್ದೆ. ಒಂದು ಕ್ಯಾಪ್ಸೂಲ್ ಒಡೆದು ಚೆಕ್‌ರೋಲ್ (ಕೂಲಿ ಲೆಕ್ಕದ ಪುಸ್ತಕ) ಮೇಲೆ ಕಿತ್ತಳೆ ಬಣ್ಣದ ಎಣ್ಣೆ ಇಳಿಯಿತು, ಆ ಕಲೆ ಇನ್ನೂ ಇದೆ. ಎಷ್ಟು ಸಲ ಮತ್ತೆ ಕೂಡಿದೆ ಅಂತ ದಿನವೂ ಗೀಟು ಹಾಕುತ್ತಿದ್ದೆ. ಗೀಟು ಕಡಿಮೆ ಆಗಲಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ದಿನಕ್ಕೆ 1200, 2400 ಮಿಲಿಗ್ರಾಂ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲೂ ಉಪಯೋಗ ಕಾಣಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು.

ಆಮೇಲೆ ಆರು ವಾರ ಗ್ರೀನ್ ಟೀ. 2025ರಲ್ಲಿ ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದರಲ್ಲಿರುವ ಇಜಿಸಿಜಿ ಎಂಬ ವಸ್ತುವನ್ನೂ ಬಿ3 ವಿಟಮಿನ್ನಿನ ನಿಕೋಟಿನಮೈಡನ್ನೂ ಸೇರಿಸಿ ಮುದಿ ಇಲಿಗಳ ನರಕೋಶಕ್ಕೆ ಕೊಟ್ಟರು. 24 ಗಂಟೆಯಲ್ಲಿ ಕುಗ್ಗಿದ್ದ ಜಿಟಿಪಿ, ಅಂದರೆ ಕೋಶ ಶಕ್ತಿಗೆ ಬಳಸುವ ಒಂದು ಅಣು, ಮತ್ತೆ ಏರಿತು. ಅದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ. ನಾವು ಕುಡಿದದ್ದು ಅಷ್ಟೇ ಪ್ರಮಾಣದಲ್ಲಿ ಮಿದುಳಿಗೆ ಮುಟ್ಟುತ್ತದೆ ಅನ್ನೋ ಹಾಗಿಲ್ಲ.

ನನಗೆ ಮೊದಲ ಎರಡು ವಾರ ನಿರಾಸೆಯೇ. ಸಂಜೆ ಐದಕ್ಕೆ ಕುಡಿದು ರಾತ್ರಿ ನಿದ್ದೆ ಕೆಟ್ಟಿತು, ಮರುದಿನ ಗೀಟು ಜಾಸ್ತಿ. ಬೆಳಿಗ್ಗೆ ಹನ್ನೊಂದರ ಒಳಗೆ ಕುಡಿಯಲು ಶುರು ಮಾಡಿದ ಮೇಲೆ ಗೀಟು ಇಳಿಯಿತು. ಅನುಮಾನ ಬಂದು ಒಂದು ವಾರ ಅದೇ ಹೊತ್ತಿಗೆ ಮನೆಯ ಫಿಲ್ಟರ್ ಕಾಫಿ ಕುಡಿದೆ, ಸಂಜೆಯದನ್ನು ಬಿಟ್ಟೆ. ಗೀಟು ಅಷ್ಟೇ ಇತ್ತು. ಹಾಗಾಗಿ ಕೆಲಸ ಮಾಡಿದ್ದು ಇಜಿಸಿಜಿ ಅಲ್ಲ, ನಿದ್ದೆ ಅಂತಲೇ ನನಗನ್ನಿಸುತ್ತದೆ.

ಎರಡರಲ್ಲಿ ಒಂದು ಅಂದರೆ ಟೀಯೇ ಇರಲಿ. ಆದರೆ ಅದರ ಸಾರದ ಮಾತ್ರೆ ಬೇಡ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಕ್ಯಾಪ್ಸೂಲ್ ಡಬ್ಬಿ ಮತ್ತೆ ತರಿಸಿಲ್ಲ. ಈಗ ರಾತ್ರಿ ಹತ್ತಕ್ಕೆ ಮಲಗುತ್ತೇನೆ. ನಿನ್ನೆ 34 ಜನರ ಲೆಕ್ಕ ಒಂದೇ ಸಲಕ್ಕೆ ತಾಳೆ ಆಯಿತು.