ಟೆನಾಕ್ಸ್ ಟಿಎ ಮಣಿಗಳು: ಕೆರೆ ಹೂಳು ಎಷ್ಟು ವಿಷ ಬಿಟ್ಟುಕೊಡುತ್ತದೆ?

ಹೂಳನ್ನು ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿಟ್ಟು ದಿನವಿಡೀ ದ್ರಾವಕ ಹರಿಸಿದರೆ ಅದರ ಡಿಡಿಟಿ, ಪಿಸಿಬಿ (ಕ್ಲೋರಿನ್ ಇರುವ ಕೈಗಾರಿಕಾ ರಾಸಾಯನಿಕ), ಪಿಎಎಚ್ (ಇಂಧನ ಅರೆಬರೆ ಉರಿದಾಗ ಹುಟ್ಟುವ ವಿಷ) ಬಹುಪಾಲು ಹೊರಬರುತ್ತವೆ. ಹುಳಕ್ಕೂ ಮೀನಿಗೂ ದಕ್ಕುವುದು ಅಷ್ಟೂ ಅಲ್ಲ. ಕೊಳೆತ ಮೆತ್ತನೆಯ ಸಾವಯವ ಅಂಶಕ್ಕೆ ಅಂಟಿದ್ದು ಗಂಟೆಗಳಲ್ಲಿ ಬಿಡುತ್ತದೆ. ಮಸಿ, ಕಲ್ಲಿದ್ದಲ ಚೂರಿನ ರಂಧ್ರಗಳಲ್ಲಿ ಸಿಕ್ಕಿದ್ದಕ್ಕೆ ತಿಂಗಳು, ವರ್ಷ ಬೇಕು. ಈ ವ್ಯತ್ಯಾಸ ತೋರಿಸಲು 60–80 ಮೆಶ್ (ಜರಡಿ ಅಳತೆ) ಗಾತ್ರದ ಟೆನಾಕ್ಸ್ ಟಿಎ ಒಳ್ಳೆಯ ಸರಕು: ಹೂಳು ನೀರಿಗೆ ಬಿಟ್ಟ ಮಾಲಿನ್ಯವನ್ನು ಹಿಡಿದಿಟ್ಟುಕೊಳ್ಳುವ ರಂಧ್ರಭರಿತ ಪಾಲಿಮರ್ ಮಣಿಗಳಿವು. ರೈನ್ ನದಿಯ ಕೊಳೆ ಬಂದು ನಿಂತ ನೆದರ್ಲೆಂಡ್ಸ್‌ನ ಕೇಟಲ್‌ಮೇರ್ ಸರೋವರದ ಹೂಳಿನ ಮೇಲೆ ಪಳಗಿದ ವಿಧಾನವಿದು.

ಒಣ ತೂಕದಲ್ಲಿ 1 ಗ್ರಾಂ ಆಗುವಷ್ಟು ಹಸಿ ಹೂಳು, 70 ಮಿ.ಲೀ. ನೀರು, 0.2 ಗ್ರಾಂ ಮಣಿ. ಸೂಕ್ಷ್ಮಜೀವಿಗಳು ಮಾಲಿನ್ಯವನ್ನೇ ತಿಂದುಹಾಕದಂತೆ ಚೂರು ಮರ್ಕ್ಯುರಿಕ್ ಕ್ಲೋರೈಡ್ ಎಂಬ ವಿಷಕಾರಿ ಪಾದರಸ ಲವಣ. (ಇದರ ತ್ಯಾಜ್ಯ ಸಿಂಕಿಗೆ ಸುರಿಯುವಂಥದ್ದಲ್ಲ.) ಹೂಳನ್ನು ಮೊದಲೇ ಒಣಗಿಸಬೇಡಿ, ಮಾಲಿನ್ಯದ ಮೇಲಿನ ಅದರ ಹಿಡಿತವೇ ಬದಲಾಗುತ್ತದೆ. ಸೆಪರೇಟಿಂಗ್ ಫನೆಲ್‌ನಲ್ಲಿ (ತಳದಲ್ಲಿ ನಲ್ಲಿಯಿರುವ ಗಾಜಿನ ಪಾತ್ರೆ) 6 ಗಂಟೆ ಅಲುಗಾಡಿಸಿ. ನಿಲ್ಲಿಸಿದ ಮೇಲೆ ಹೂಳು ತಳಕ್ಕಿಳಿದು ಮಣಿಗಳು ತೇಲುತ್ತವೆ, ಬೇರ್ಪಡಿಸಲು ತಲೆನೋವಿಲ್ಲ. ಮಣಿಗಳಿಂದ ಹೆಕ್ಸೇನ್–ಅಸಿಟೋನ್ ಮಿಶ್ರಣದಲ್ಲಿ ಮಾಲಿನ್ಯ ತೆಗೆದು ಅಳೆಯಬಹುದು. 6 ಗಂಟೆಯಲ್ಲಿ ಸಿಕ್ಕಿದ್ದು ಬೇಗ ಬಿಡುವ ಪಾಲಿನ ಸುಮಾರು ಅರ್ಧ. ಕಾಲ ಕಳೆದಂತೆ ಎಷ್ಟೆಷ್ಟು ಬಿಡುತ್ತದೆಂಬ ಪೂರ್ತಿ ವಕ್ರರೇಖೆ ಬೇಕಿದ್ದರೆ ಆಗಾಗ ಹೊಸ ಮಣಿ ಹಾಕುತ್ತ ವಾರಗಟ್ಟಲೆ ಮುಂದುವರಿಸಬೇಕು.

ಎಡವುವುದು ಪ್ರಮಾಣದಲ್ಲಿ. ಮಣಿಯ ತೂಕ ಹೂಳಿನ ಸಾವಯವ ಇಂಗಾಲದ ಐದು ಪಟ್ಟಾದರೂ ಇರಲಿ. ಚರಂಡಿ ನೀರು ಸೇರುವ ಕೆರೆಯ ಹೂಳಿನಲ್ಲಿ ಇಂಗಾಲ 10% ಇದ್ದರೆ 0.2 ಗ್ರಾಂ ಸಾಲದು, 0.5 ಗ್ರಾಂ ಬೇಕು. ಕಡಿಮೆಯಾದರೆ ಬಿಟ್ಟುಬಂದ ಮಾಲಿನ್ಯ ಮತ್ತೆ ಹೂಳಿಗೇ ಅಂಟಿ, ಹೂಳು ಇರುವುದಕ್ಕಿಂತ ನಿರಪಾಯವಾಗಿ ಕಾಣುತ್ತದೆ. ಎಣ್ಣೆ, ಮಸಿ ಹೆಚ್ಚಿದ್ದರೆ ಇನ್ನೊಂದು ಕಿರಿಕಿರಿ: ಮಸಿಯೂ ಮಣಿಗಳ ಜೊತೆ ತೇಲಿ ದ್ರಾವಕಕ್ಕೆ ಹೋಗಿ ಅಂಕಿ ಉಬ್ಬಿಸುತ್ತದೆ. ತಾಪಮಾನ ಏರಿದರೂ ಬಿಡುಗಡೆಯ ವೇಗ ಏರುತ್ತದೆ, ಹಾಗಾಗಿ ಒಂದು ಸರಣಿಯನ್ನೆಲ್ಲ ಒಂದೇ ತಾಪದಲ್ಲಿ ಮುಗಿಸಿ.

ನೀರಿನಲ್ಲಿ ಕರಗಿರುವ ಸಾಂದ್ರತೆಯೇ ಬೇಕೆನ್ನುವವರಿಗೆ ಇದು ಬೇಡ. ಅವರು ವಾರಗಟ್ಟಲೆ ಕಾದು ತೆಳು ಪಾಲಿಎಥಿಲೀನ್ ಹಾಳೆ ಬಳಸಲಿ. ಮಣಿ ದುಬಾರಿ ನಿಜ, ಆದರೆ ನೀರು, ಅಸಿಟೋನ್, ಹೆಕ್ಸೇನ್‌ನಲ್ಲಿ ತೊಳೆದು 75 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ಪ್ರತಿ ಸಲ ಹೂಳಿಲ್ಲದ ಒಂದು ಖಾಲಿ ಪರೀಕ್ಷೆ ನಡೆಸಿ, ಹಳೆಯ ಅಂಶ ಉಳಿದಿಲ್ಲವೆಂದು ನೋಡಿಕೊಳ್ಳಿ.